ಮೂರು ಕಾರು, ಒಂದೇ ಪ್ರಶ್ನೆ: ಎಕ್ಸ್‌ಟೆಂಡೆಡ್ ವಾರಂಟಿ ತಗೋಬೇಕಾ ಬೇಡ್ವಾ

ಹೋದ ವಾರ ಸರ್ವಿಸ್ ಸೆಂಟರ್‌ನಿಂದ ಒಂದು ಮೆಸೇಜ್ ಬಂತು. ನಿಮ್ಮ ಕಾರಿನ ವಾರಂಟಿ ಮುಗಿಯೋಕೆ ಇನ್ನು ಏಳೇ ವಾರ, ಈಗ್ಲೇ ಎಕ್ಸ್‌ಟೆಂಡ್ ಮಾಡಿಸ್ಕೊಳ್ಳಿ, ನಿಶ್ಚಿಂತೆಯಾಗಿರಿ ಅಂತ. ಕೆಳಗೆ ಒಂದು ಲಿಂಕು, ಪಕ್ಕದಲ್ಲಿ ನಗ್ತಾ ಇರೋ ಒಂದು ಸಂಸಾರದ ಫೋಟೋ. ಈ ವಾರಂಟಿ ಜಾಹೀರಾತಲ್ಲಿ ಎಲ್ರೂ ಯಾಕೆ ಅಷ್ಟು ನಗ್ತಾರೋ ನಂಗಂತೂ ಗೊತ್ತಿಲ್ಲ, ಕಾರು ಕೆಟ್ಟು ನಿಂತಾಗ ಯಾರೂ ಹಾಗೆ ನಗಲ್ಲ.

ಡಿಲೀಟ್ ಮಾಡೋಕೆ ಅಂತ ಬೆರಳು ಇಟ್ಟೋನು ಮಾಡ್ಲಿಲ್ಲ. ಯಾಕಂದ್ರೆ ಇದು ನನ್ನ ಮೂರನೇ ಕಾರು, ಮೊದಲನೇದಕ್ಕೆ ವಾರಂಟಿ ತಗೊಂಡು ಕೆಟ್ಟೆ, ಎರಡನೇದಕ್ಕೆ ತಗೊಳ್ದೆ ಕೆಟ್ಟೆ. ಎರಡೂ ಕಡೆಯಿಂದ ಏಟು ತಿಂದೋನಿಗೆ ಮೂರನೇ ಸಲ ಹೂಂ ಅನ್ನೋಕೂ ಕಷ್ಟ, ಊಹೂಂ ಅನ್ನೋಕೂ ಕಷ್ಟ. ಅದಕ್ಕೇ ಒಂದು ವಾರದಿಂದ ಕೂತು ಯೋಚ್ನೆ ಮಾಡ್ತಾ ಇದೀನಿ, ಮಾಡಿದ್ದನ್ನ ಇಲ್ಲಿ ಬರೀತಾ ಇದೀನಿ, ಉದ್ದ ಆದ್ರೆ ಬೈಕೋಬೇಡಿ.

ಮೊದಲನೇ ಕಾರಿನ ಕಥೆ. ಹೊಸದು. ಡೆಲಿವರಿ ದಿನ, ಕಾರಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿದಾರೆ, ಮನೆಯೋರೆಲ್ಲ ಫೋಟೋ ತೆಗೆಯೋಕೆ ರೆಡಿ, ಕೀ ಕೈಗೆ ಬರೋಕೆ ಇನ್ನು ಹತ್ತು ನಿಮಿಷ. ಆವಾಗ ಒಬ್ಬರು ಬಂದು ಸರ್ ಒಂದ್ನಿಮಿಷ ಅಂತ ಪಕ್ಕದ ಟೇಬಲ್‌ಗೆ ಕರ್ಕೊಂಡು ಹೋದ್ರು. ಈ ಕಾರು ಎಷ್ಟು ಗಟ್ಟಿ ಅಂತ ಎರಡು ವಾರದಿಂದ ಹೊಗಳ್ತಾ ಇದ್ದ ಅದೇ ಮನುಷ್ಯ, ಈಗ ಗೇರ್‌ಬಾಕ್ಸ್ ಹೋದ್ರೆ ಎಷ್ಟಾಗುತ್ತೆ ಗೊತ್ತಾ ಸರ್, ಎಂಜಿನ್ ಹೋದ್ರೆ ಎಷ್ಟಾಗುತ್ತೆ ಗೊತ್ತಾ ಸರ್ ಅಂತ ಶುರು ಮಾಡಿದ್ರು. ನಂಗೆ ನಗು ಬರ್ಬೇಕಿತ್ತು, ಬರ್ಲಿಲ್ಲ, ಎದೆ ಧಸಕ್ ಅಂತು. ತಿಂಗಳ ಕಂತಿಗೆ ಇಷ್ಟೇ ಇಷ್ಟು ಸೇರುತ್ತೆ ಸರ್ ಅಂದ್ರು, ಸೈನ್ ಹಾಕಿದೆ. ಸಾಲದ ಮೊತ್ತದ ಒಳಗೆ ಸೇರಿಸಿದ್ರಿಂದ ಆ ವಾರಂಟಿ ದುಡ್ಡಿಗೂ ಐದು ವರ್ಷ ಬಡ್ಡಿ ಕಟ್ಟಿದೀನಿ ಅನ್ನೋದು ಹೊಳೆದಿದ್ದು ಸಾಲ ತೀರಿದ ಮೇಲೆ.

ಇನ್ನೊಂದು ವಿಷ್ಯ ಆವತ್ತು ತಲೆಗೆ ಹೋಗಿರ್ಲಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಶುರುವಾಗೋದೇ ಕಂಪನಿ ಕೊಟ್ಟ ವಾರಂಟಿ ಮುಗಿದ ಮೇಲೆ. ಅಂದ್ರೆ ಮೂರು ವರ್ಷದ ವಾರಂಟಿ ಇರೋ ಕಾರಿಗೆ ಮೊದಲ ದಿನವೇ ದುಡ್ಡು ಕೊಟ್ರೆ, ಆ ದುಡ್ಡು ನಮಗೋಸ್ಕರ ಕೆಲಸಕ್ಕೆ ಬರೋದು ಮೂರು ವರ್ಷ ಕಳೆದ ಮೇಲೆ. ಅಲ್ಲೀವರೆಗೂ ಅದು ಅವರ ಹತ್ರ ಇರುತ್ತೆ. ಈ ಮಧ್ಯೆ ಕಾರು ಆಕ್ಸಿಡೆಂಟ್ ಆಗಿ ಟೋಟಲ್ ಲಾಸ್ ಆಗ್ಬೋದು, ಮಾರಿಬಿಡ್ಬೋದು, ಏನು ಬೇಕಾದ್ರೂ ಆಗ್ಬೋದು.

ನಾಲ್ಕನೇ ವರ್ಷ ಏಸಿ ಕಂಪ್ರೆಸರ್ ಕೈ ಕೊಡ್ತು. ನಾನು ಒಳಗೊಳಗೇ ಖುಷಿಯಾಗಿದ್ದೆ ಅಂದ್ರೆ ನಂಬ್ತೀರಾ, ಕೊಟ್ಟ ದುಡ್ಡು ವಸೂಲಾಗೋ ಟೈಮ್ ಬಂತು ಅಂತ. ಜಂಬದಿಂದ ಹೋಗಿ ಪಾಲಿಸಿ ನಂಬರ್ ಕೊಟ್ಟೆ. ಎರಡು ದಿನ ಬಿಟ್ಟು ಫೋನು: ಸರ್, ಕ್ಲೇಮ್ ರಿಜೆಕ್ಟ್ ಆಗಿದೆ, ಎರಡನೇ ವರ್ಷದ ಸರ್ವಿಸ್ ರೆಕಾರ್ಡ್ ಸಿಸ್ಟಮ್‌ನಲ್ಲಿ ಇಲ್ಲ. ಇರ್ಲಿಲ್ಲ ನಿಜ. ಆ ವರ್ಷ ಮನೇಲಿ ಹುಷಾರಿಲ್ದೆ ಓಡಾಟ ಜಾಸ್ತಿ ಇತ್ತು, ಸರ್ವಿಸ್ ಮೂರು ತಿಂಗಳು ತಡ ಆಯ್ತು, ಕೊನೆಗೆ ಪರಿಚಯದ ಗ್ಯಾರೇಜಲ್ಲಿ ಆಯಿಲ್, ಫಿಲ್ಟರ್ ಬದಲಾಯಿಸ್ಕೊಂಡು ಬಂದಿದ್ದೆ. ಬಿಲ್ ಕೇಳ್ಲಿಲ್ಲ, ಅವರು ಕೊಡ್ಲಿಲ್ಲ. ಎಂಜಿನ್ ಆಯಿಲ್ಲಿಗೂ ಏಸಿ ಕಂಪ್ರೆಸರ್ರಿಗೂ ಏನ್ರೀ ಸಂಬಂಧ ಅಂತ ಕೂಗಾಡಿದೆ. ಕೂಗಾಡಿದ್ದಕ್ಕೆ ಒಂದು ಗ್ಲಾಸ್ ನೀರು ಕೊಟ್ರು.

ಆಮೇಲೆ ಗೊತ್ತಾಗಿದ್ದು, ಈ ವಾದ ನಾನೊಬ್ಬನೇ ಮಾಡಿದ್ದೇನಲ್ಲ, ಅಮೆರಿಕದಲ್ಲಿ ವಾರಂಟಿಗೆ ಅಂತಲೇ 1975ರಲ್ಲಿ ಒಂದು ಕಾನೂನು ಬಂತು, ಮ್ಯಾಗ್ನಸನ್ ಮಾಸ್ ವಾರಂಟಿ ಆಕ್ಟ್ ಅಂತ. ಬೇರೆ ಕಡೆ ಸರ್ವಿಸ್ ಮಾಡ್ಸಿದ್ರಿ, ಬೇರೆ ಕಂಪನಿ ಪಾರ್ಟ್ ಹಾಕ್ಸಿದ್ರಿ ಅನ್ನೋ ಒಂದೇ ಕಾರಣಕ್ಕೆ ಅಲ್ಲಿ ವಾರಂಟಿ ಇಲ್ಲ ಅನ್ನೋ ಹಾಗಿಲ್ಲ, ಆ ಕೆಲಸದಿಂದಾನೇ ಇದು ಕೆಟ್ಟಿದ್ದು ಅಂತ ಕಂಪನಿ ತೋರಿಸ್ಬೇಕು. ಆದ್ರೆ ಸರ್ವಿಸ್ ಮಾಡಿಸಿದೀನಿ ಅನ್ನೋದಕ್ಕೆ ಕಾಗದ ಬೇಕು ಅನ್ನೋದು ಅಲ್ಲೂ ತಪ್ಪಲ್ಲ. ನನ್ನ ಹತ್ರ ಕಾನೂನೂ ಇರ್ಲಿಲ್ಲ, ಕಾಗದವೂ ಇರ್ಲಿಲ್ಲ. ಪೂರ್ತಿ ಬಿಲ್ ಕೈಯಿಂದ ಕಟ್ಟಿ ಬಂದೆ.

ಆವತ್ತು ರಾತ್ರಿ ಆ ವಾರಂಟಿ ಪುಸ್ತಕಾನ ಮೊದಲನೇ ಸಲ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓದಿದೆ. ಓದ್ತಾ ಓದ್ತಾ ಸಿಟ್ಟು ಹೋಗಿ ಒಂಥರಾ ಗೌರವ ಬಂತು, ಬರೆದವರ ಮೇಲೆ. ನಾವು ಚಾಪೆ ಕೆಳಗೆ ತೂರಿದ್ರೆ ಅವರು ರಂಗೋಲಿ ಕೆಳಗೆ ತೂರಿದಾರೆ.

ಈ ಕಾಂಟ್ರಾಕ್ಟ್‌ಗಳು ಎರಡು ಜಾತಿ. ಒಂದ್ರಲ್ಲಿ ಇಂತಿಂಥ ಪಾರ್ಟ್‌ಗಳು ಕವರ್ ಅಂತ ಪಟ್ಟಿ ಇರುತ್ತೆ, ಪಟ್ಟಿಯಲ್ಲಿ ಇಲ್ಲ ಅಂದ್ರೆ ಇಲ್ಲ ಅಷ್ಟೇ. ಇನ್ನೊಂದ್ರಲ್ಲಿ ಇಂತಿಂಥವು ಕವರ್ ಇಲ್ಲ, ಮಿಕ್ಕಿದ್ದೆಲ್ಲ ಇದೆ ಅಂತ ಇರುತ್ತೆ. ಕೇಳೋಕೆ ಎರಡೂ ಒಂದೇ ಥರ, ಆದ್ರೆ ಎಲ್ಲೂ ಹೆಸರಿಲ್ಲದ ಯಾವುದೋ ಒಂದು ಸೆನ್ಸರ್ ಹೋದಾಗ ಮೊದಲನೇ ಜಾತಿಯಲ್ಲಿ ನಾವು ಕಟ್ಬೇಕು, ಎರಡನೇದ್ರಲ್ಲಿ ಅವರು ಕಟ್ಬೇಕು. ನಂದು ಮೊದಲನೇ ಜಾತಿದು. ಕೌಂಟರ್‌ನಲ್ಲಿ ಎಲ್ಲಾ ಕವರ್ ಆಗುತ್ತೆ ಸರ್ ಅಂದಿದ್ರು.

ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರು, ವೈಪರ್, ಬಲ್ಬು, ಬ್ಯಾಟರಿ, ಇವೆಲ್ಲ ಸವೆಯೋ ವಸ್ತು, ಇವು ಯಾರೂ ಕೊಡಲ್ಲ, ಸರಿ. ಜಗಳ ಇರೋದು ಇವುಗಳ ಅಕ್ಕಪಕ್ಕದಲ್ಲಿ. ಸಸ್ಪೆನ್ಷನ್ ಬುಶ್ ಸವೆದ್ರೆ ಅದು ಸವೆತನಾ ದೋಷನಾ? ಎಂಜಿನ್ ಮೌಂಟ್ ರಬ್ಬರ್ರು, ಹಾಗಾದ್ರೆ ಅದೂ ಸವೆಯೋದೇ. ಗೇರ್‌ಬಾಕ್ಸ್ ಬೇರಿಂಗು ಒಂದೂವರೆ ಲಕ್ಷ ಕಿಲೋಮೀಟರಿಗೆ ಸದ್ದು ಮಾಡಿದ್ರೆ ಏನಂತೀರಿ? ಅದು ಕೆಟ್ಟಿಲ್ಲ, ಬರೀ ಸದ್ದು ಅಂತಾರೆ, ಕೆಡೋವರೆಗೂ ಓಡಿಸಿ ಬನ್ನಿ ಅಂತಾರೆ. ಕೆಡೋವರೆಗೂ ಓಡಿಸಿ ಹೋದ್ರೆ, ಸದ್ದು ಬಂದ ತಕ್ಷಣ ಬರ್ಬೇಕಿತ್ತು ಸರ್, ಇದು ನಿಮ್ಮ ನಿರ್ಲಕ್ಷ್ಯ ಅಂತಾರೆ.

ಈ ಕೊನೇದಕ್ಕೆ ಒಳ್ಳೆ ಉದಾಹರಣೆ ಕೂಲೆಂಟ್ ಪೈಪು, ಎಂಜಿನ್ ತಣ್ಣಗಿಡೋ ದ್ರವ ಹರಿಯೋ ಪೈಪು. ಚಿಕ್ಕ ರಬ್ಬರ್ ಪೈಪು ಒಡೀತು, ಕೂಲೆಂಟ್ ಸೋರಿ ಹೋಯ್ತು, ಟೆಂಪರೇಚರ್ ಮುಳ್ಳು ಮೇಲೆ ಹೋಯ್ತು, ನಾವು ಇನ್ನೇನು ಮನೆ ಬಂತಲ್ಲ ಅಂತ ಓಡಿಸಿದ್ವಿ, ಎಂಜಿನ್ನಿನ ಮೇಲ್ಭಾಗ, ಅಂದ್ರೆ ಸಿಲಿಂಡರ್ ಹೆಡ್, ಬಿಸಿಗೆ ಸೊಟ್ಟಗಾಯ್ತು. ಪೈಪು ಕವರ್ ಇಲ್ಲ, ಅದು ರಬ್ಬರ್. ಹೆಡ್ ಪಟ್ಟಿಯಲ್ಲಿ ಇದೆ, ಆದ್ರೆ ಅದು ಕೆಟ್ಟಿದ್ದು ಕವರ್ ಇಲ್ಲದ ಪಾರ್ಟ್‌ನಿಂದ, ಹಾಗಾಗಿ ಅದೂ ಇಲ್ಲ. ಜೊತೆಗೆ ಬಿಸಿಯಾದ ಮೇಲೂ ಓಡಿಸಿದ್ದು ನೀವು. ಮೂರು ಬಾಗಿಲು, ಮೂರಕ್ಕೂ ಬೀಗ. ಇನ್ನು ಗೇರ್‌ಬಾಕ್ಸ್ ಬಿಚ್ಚಿ ನೋಡೋ ಕೂಲಿ ಯಾರದ್ದು ಅನ್ನೋ ಪ್ರಶ್ನೆ ಬೇರೆ ಇದೆ, ಎಷ್ಟೋ ಕಾಂಟ್ರಾಕ್ಟಲ್ಲಿ ಬಿಚ್ಚಿದ ಮೇಲೆ ಕವರ್ ಆಗೋ ದೋಷ ಸಿಕ್ರೆ ಅವರದ್ದು, ಸಿಗ್ಲಿಲ್ಲ ಅಂದ್ರೆ ನಮ್ದು. ಅನುಮತಿ ತಗೊಳ್ಳೋಕೆ ಮುಂಚೆ ರಿಪೇರಿ ಶುರು ಮಾಡಿಸಿದ್ರೆ ಮುಗೀತು, ಪೂರ್ತಿ ನಮ್ದೇ.

ಅಂದಹಾಗೆ ವಾರಂಟಿ ಅನ್ನೋ ಹೆಸರೇ ಸರಿ ಇಲ್ಲ ಅಂತ ನನಗನ್ಸುತ್ತೆ. ಕಾರಿನ ಬೆಲೆ ಒಳಗೇ ಸೇರಿ ಬರೋದು ವಾರಂಟಿ, ಮಾಡಿದವನು ನಾನು ಮಾಡಿದ್ದು ಸರಿಯಿದೆ ಅಂತ ಕೊಡೋ ಮಾತು. ಪ್ರತ್ಯೇಕವಾಗಿ ದುಡ್ಡು ಕೊಟ್ಟು ತಗೊಳ್ಳೋದು ಬೇರೆ ಪ್ರಾಣಿ, ಅಮೆರಿಕದಲ್ಲಿ ಅದನ್ನ ಸರ್ವಿಸ್ ಕಾಂಟ್ರಾಕ್ಟ್ ಅಂತಲೇ ಬೇರೆ ಮಾಡಿ ಹೇಳ್ತಾರೆ. ಇನ್ಶೂರೆನ್ಸ್ ಇನ್ನೂ ಬೇರೆ, ಅದು ಹೊರಗಿನಿಂದ ಬಂದ ಏಟಿಗೆ. ನಿಂತ ನೀರಲ್ಲಿ ಓಡಿಸಿ ಎಂಜಿನ್ ಒಳಗೆ ನೀರು ಹೋದ್ರೆ ಯಾವ ಎಕ್ಸ್‌ಟೆಂಡೆಡ್ ವಾರಂಟಿಯೂ ಹತ್ರ ಬರಲ್ಲ. ಇದನ್ನ ಯಾಕೆ ಹೇಳ್ತಾ ಇದೀನಿ ಅಂದ್ರೆ ನನ್ನ ಫ್ರೆಂಡ್ ಒಬ್ಬ ಎರಡೂ ಒಂದೇ ಅನ್ಕೊಂಡು ನೆಮ್ಮದಿಯಾಗಿ ಇದ್ದ.

ಎರಡನೇ ಕಾರು. ಸೆಕೆಂಡ್ ಹ್ಯಾಂಡ್, ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್, ಅಂದ್ರೆ ಎರಡು ಕ್ಲಚ್ ಇಟ್ಕೊಂಡು ತಾನೇ ಗೇರ್ ಬದಲಾಯಿಸೋದು, ಕಂಪನಿ ವಾರಂಟಿ ಇನ್ನೂ ಎಂಟು ತಿಂಗಳು ಇತ್ತು. ಎಕ್ಸ್‌ಟೆಂಡ್ ಮಾಡಿಸ್ತೀರಾ ಅಂತ ಎರಡು ಸಲ ಫೋನ್ ಮಾಡಿದ್ರು, ಎರಡು ಸಲವೂ ಬುದ್ಧಿವಂತನ ಥರ ಬೇಡ ಅಂದೆ. ಒಂದ್ಸಲ ಟೋಪಿ ಹಾಕಿಸ್ಕೊಂಡಿದೀನಿ ಸಾಕು ಅಂತ. ವಾರಂಟಿ ಮುಗಿದು ಹನ್ನೊಂದು ತಿಂಗಳಿಗೆ ಸಿಗ್ನಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡಲ್ಲಿ ಗೇರಿನ ಚಿತ್ರ ಮಿನುಗೋಕೆ ಶುರುವಾಯ್ತು, ಕಾರು ಒಂದು ಬಿಟ್ಟು ಒಂದು ಗೇರಲ್ಲಿ ಮಾತ್ರ ಹೋಗುತ್ತೆ, ರಿವರ್ಸ್ ಬೀಳ್ತಾ ಇಲ್ಲ. ಹಿಂದೆ ಇರೋರೆಲ್ಲ ಹಾರ್ನ್. ಗೇರ್ ಹಾಕೋ ತೀರ್ಮಾನ ಮಾಡೋ ಯೂನಿಟ್ಟೇ ಹೋಗಿತ್ತು, ಮೆಕಟ್ರಾನಿಕ್ ಅಂತಾರೆ, ಕಂಪ್ಯೂಟರ್ರೂ ಆಯಿಲ್ ಒತ್ತಡದ ವಾಲ್ವುಗಳೂ ಒಟ್ಟಿಗೆ ಇರೋ ಗಂಟು, ಬಿಡಿಬಿಡಿಯಾಗಿ ರಿಪೇರಿ ಮಾಡಲ್ಲ, ಪೂರ್ತಿ ಬದಲಾಯಿಸ್ತೀವಿ ಅಂದ್ರು. ಬಿಲ್ಲು, ನಾನು ಬೇಡ ಅಂದ ವಾರಂಟಿಯ ಬೆಲೆಗಿಂತ ಸರಿಯಾಗಿ ಆರು ಪಟ್ಟು. ಆ ಆರು ಅನ್ನೋ ನಂಬರ್ ನಂಗೆ ಮರೆತಿಲ್ಲ, ಮರೆಯೋದೂ ಇಲ್ಲ.

ನಮ್ಮಣ್ಣನ ಹತ್ರ ಹೋಗಿ ಗೋಳಾಡ್ಕೊಂಡೆ. ಅವನು ಜೀವಮಾನ ಇಡೀ ಲೆಕ್ಕ ಬರೆದವನು, ಸಮಾಧಾನ ಹೇಳೋಕೆ ಬರಲ್ಲ, ಒಂದು ಹಾಳೆ ಎಳ್ಕೊಂಡ. ನೋಡೋ, ವಾರಂಟಿ ಬೆಲೆ ಒಂದು ಪಾಲು ಅಂತ ಇಟ್ಕೋ ಅಂದ. ನೂರು ಜನ ತಗೊಂಡ್ರೆ ನೂರು ಪಾಲು ಜಮಾ ಆಯ್ತು. ಮಾರಿದವನ ಕಮಿಷನ್, ಆಫೀಸಿನ ಖರ್ಚು, ಲಾಭ ಅಂತ ನಲವತ್ತು ಹೋಯ್ತು ಅಂತ ಸುಮ್ನೆ ಇಟ್ಕೋ. ಉಳಿದಿದ್ದು ಅರವತ್ತು. ದೊಡ್ಡ ರಿಪೇರಿ ಒಂದಕ್ಕೆ ಆರು ಪಾಲು ಅಂದ್ರೆ ಹತ್ತು ಜನಕ್ಕೆ ಆಯ್ತು. ಇನ್ನು ತೊಂಬತ್ತು ಜನ ಕೊಟ್ಟಿದ್ದು ನೀರಲ್ಲಿ ಹಾಕಿದ ಹಾಗೆ. ನೀನು ತಗೊಂಡಿದ್ರೆ ಆ ಹತ್ತರಲ್ಲಿ ಒಬ್ಬ ಆಗ್ತಿದ್ದೆ, ಅಷ್ಟೇ, ಅದು ನಿನಗೆ ಮೊದ್ಲೇ ಗೊತ್ತಿರೋಕೆ ಸಾಧ್ಯ ಇರ್ಲಿಲ್ಲ, ಹಾಗಾಗಿ ನೀನು ಮಾಡಿದ್ದು ತಪ್ಪಲ್ಲ.

ಲೆಕ್ಕ ಸರಿ. ಲಾಭ ಆಗುತ್ತಾ ಅಂತ ಕೇಳಿದ್ರೆ ಉತ್ತರ ಯಾವಾಗ್ಲೂ ಇಲ್ಲ, ನೂರಕ್ಕೆ ನೂರು ಜನರನ್ನ ಒಟ್ಟು ಹಾಕಿ ನೋಡಿದ್ರೆ ಕೊಟ್ಟಿದ್ದಕ್ಕಿಂತ ಕಮ್ಮಿನೇ ವಾಪಸ್ ಬರ್ಬೇಕು, ಇಲ್ಲ ಅಂದ್ರೆ ಆ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ. ಆದ್ರೆ ನಾನು ಅವನಿಗೆ ಇನ್ನೊಂದು ಕೇಳಿದೆ. ಅಣ್ಣಾ, ಆರು ಪಾಲು ಒಟ್ಟಿಗೆ ಎತ್ತಿ ಕೊಡೋ ಶಕ್ತಿ ಆವತ್ತು ನಂಗಿತ್ತಾ? ಅವನು ಸುಮ್ನಾದ. ಇರ್ಲಿಲ್ಲ ಅಂತ ಅವನಿಗೂ ಗೊತ್ತು, ಮೂರು ಪಾಲು ಅವನೇ ಕೊಟ್ಟಿದ್ದ.

ನಾಲ್ಕು ಜನ ಬುದ್ಧಿವಂತರು ಸೇರಿದ ಕಡೆ ಒಂದು ಮಾತು ಯಾವಾಗ್ಲೂ ಬರುತ್ತೆ, ವಾರಂಟಿಗೆ ಕೊಡೋ ದುಡ್ಡನ್ನ ಬೇರೆ ಅಕೌಂಟಲ್ಲಿ ಹಾಕಿಡಿ, ನೀವೇ ನಿಮ್ಮ ವಾರಂಟಿ ಕಂಪನಿ ಆಗಿ ಅಂತ. ಮಾತು ಚೆನ್ನಾಗಿದೆ. ಆದ್ರೆ ಒಂದು ಪಾಲು ಎತ್ತಿಟ್ಟು ಆರು ಪಾಲಿನ ಬಿಲ್ ಕಟ್ಟೋಕಾಗಲ್ಲ ಅನ್ನೋದನ್ನ ಯಾರೂ ಹೇಳಲ್ಲ. ಜೀವನ ಪೂರ್ತಿ ಎಂಟು ಹತ್ತು ಕಾರು ಇಟ್ಕೊಂಡು, ಒಂದಕ್ಕೂ ವಾರಂಟಿ ತಗೊಳ್ದೆ ಉಳಿಸ್ತಾ ಬಂದ್ರೆ ಆ ಲೆಕ್ಕ ಒಂದಲ್ಲ ಒಂದು ದಿನ ಕೂಡುತ್ತೆ, ಅಥವಾ ಪಕ್ಕದಲ್ಲಿ ಬೇರೆ ಉಳಿತಾಯ ಇದ್ರೆ ಇವತ್ತೇ ಕೂಡುತ್ತೆ. ಅದೂ ಇಲ್ಲ, ಇದೂ ಇಲ್ಲ ಅನ್ನೋನಿಗೆ ಅಲ್ಲ. ಇನ್ನೊಂದು, ನಾನು ಇದನ್ನ ಮಾಡಿಯೂ ನೋಡಿದೀನಿ. ಎರಡನೇ ಕಾರು ರಿಪೇರಿ ಆದ್ಮೇಲೆ ಕಾರಿಗೆ ಅಂತಲೇ ಬೇರೆ ಅಕೌಂಟ್ ಓಪನ್ ಮಾಡಿ ತಿಂಗಳು ತಿಂಗಳು ಹಾಕ್ತಾ ಬಂದೆ. ಒಂದು ವರ್ಷಕ್ಕೆ ಚೆನ್ನಾಗೇ ಸೇರಿತ್ತು. ಆಮೇಲೆ ಮನೇಲಿ ಫ್ರಿಜ್ ಕೆಟ್ತು.

ಭಯದ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಮಾರೋರು ಮಾರೋದು ಅದನ್ನೇ. ಡೇನಿಯಲ್ ಕಾನೆಮನ್, ಏಮಸ್ ಟ್ವೆರ್ಸ್ಕಿ ಅಂತ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲಿ ತೋರಿಸಿದ್ದು ಏನಂದ್ರೆ, ಒಂದೇ ಮೊತ್ತ ಸಿಕ್ಕಿದ್ರೆ ಆಗೋ ಸಂತೋಷಕ್ಕಿಂತ ಕಳ್ಕೊಂಡ್ರೆ ಆಗೋ ಸಂಕಟ ಜಾಸ್ತಿ, ಮತ್ತೆ ಅಪರೂಪಕ್ಕೆ ಆಗೋ ಘಟನೆಗೆ ನಾವು ಅದರ ಯೋಗ್ಯತೆಗಿಂತ ಜಾಸ್ತಿ ತೂಕ ಕೊಡ್ತೀವಿ. ಗೇರ್‌ಬಾಕ್ಸ್ ಹೋದ್ರೆ ಅಂದ ತಕ್ಷಣ ನನ್ನ ಕಣ್ಮುಂದೆ ಕಾರು ರಸ್ತೆ ಮಧ್ಯೆ ನಿಂತಿರೋ ಚಿತ್ರ ಬರುತ್ತೆ, ನಿಲ್ಲದೇ ಓಡ್ತಾ ಇರೋ ಕಾರಿನ ಚಿತ್ರ ಯಾರಿಗೆ ಬರುತ್ತೆ ಹೇಳಿ. ಆದ್ರೆ ಇದನ್ನ ಓದಿದ ಮೇಲೂ ನನ್ನ ಭಯ ಏನೂ ಕಮ್ಮಿ ಆಗ್ಲಿಲ್ಲ. ಹೆಸರು ಗೊತ್ತಾಯ್ತು ಅಷ್ಟೇ.

ಹಳೇ ಕಾರು ಅಂದ್ರೆ ಅರ್ಥಶಾಸ್ತ್ರದೋರಿಗೆ ನೆನಪಾಗೋದು ಜಾರ್ಜ್ ಅಕರ್ಲಾಫ್. ಕಾರಿನ ಒಳಗೇನಿದೆ ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ, ಈ ಒಂದು ವ್ಯತ್ಯಾಸವೇ ಇಡೀ ಮಾರ್ಕೆಟ್‌ನ ಹೇಗೆ ಕೆಡಿಸುತ್ತೆ ಅಂತ 1970ರಲ್ಲಿ ಬರೆದ್ರು, 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅನುಮಾನ ಹೋಗಲಾಡ್ಸೋಕೆ ಇರೋ ದಾರಿಗಳಲ್ಲಿ ಗ್ಯಾರಂಟಿಯೂ ಒಂದು ಅಂತ ಅವರೇ ಹೇಳಿದಾರೆ. ಹುಂಡೈ ಅಮೆರಿಕದಲ್ಲಿ ಮಾಡಿದ್ದು ಅದನ್ನೇ. ಅಲ್ಲಿ ಅವರ ಕಾರು ಅಂದ್ರೆ ಮೂಗು ಮುರಿಯೋ ಕಾಲ, 1998ರಲ್ಲಿ ಎಂಜಿನ್ ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1,00,000 ಮೈಲಿ ವಾರಂಟಿ ಅಂತ ಘೋಷಿಸಿಬಿಟ್ರು. ಮೊದಲ ಮಾಲೀಕನಿಗೆ ಮಾತ್ರ, ಅದು ಬೇರೆ. ಕೆಟ್ರೆ ಖರ್ಚು ನಂದು ಅಂತ ಮಾಡೋನು ಹೇಳಿದಾಗ ಕೊಳ್ಳೋನಿಗೆ ಧೈರ್ಯ ಬರುತ್ತೆ. ಆದ್ರೆ ಅದೇ ಮಾತನ್ನ ಪಕ್ಕದ ಟೇಬಲ್‌ಗೆ ಕರ್ಕೊಂಡು ಹೋಗಿ ಬೇರೆ ದುಡ್ಡು ತಗೊಂಡು ಹೇಳಿದ್ರೆ? ಧೈರ್ಯ ಬರೋ ಬದಲು ಅನುಮಾನ ಬರುತ್ತೆ, ನನಗಂತೂ.

ಈಗ ನನಗೆ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು, ಮೊದಲನೇ ಕಾರಲ್ಲಿ ಯಾರಾದ್ರೂ ಹೇಳಿದ್ರೆ ಎಷ್ಟು ಚೆನ್ನಾಗಿತ್ತು ಅನ್ಸಿದ್ದು: ಕಾಯೋದು. ಬಹಳಷ್ಟು ಕಂಪನಿಗಳು ಮೂಲ ವಾರಂಟಿ ಮುಗಿಯೋ ದಿನದವರೆಗೂ ಎಕ್ಸ್‌ಟೆಂಡ್ ಮಾಡೋಕೆ ಬಿಡ್ತವೆ. ತಡ ಆದಷ್ಟೂ ಬೆಲೆ ಸ್ವಲ್ಪ ಏರಬಹುದು, ಕಾರು ತಂದು ತೋರಿಸಿ ಅನ್ನಬಹುದು, ಆದ್ರೆ ಆ ಮೂರು ವರ್ಷದಲ್ಲಿ ಸಿಗೋ ಮಾಹಿತಿಗೆ ಬೆಲೆ ಕಟ್ಟೋಕಾಗಲ್ಲ. ಯಂತ್ರಗಳು ಕೆಡೋ ರೀತಿಗೆ ಎಂಜಿನಿಯರ್‌ಗಳು ಬಾತ್‌ಟಬ್ ಕರ್ವ್ ಅಂತಾರೆ, ತೊಟ್ಟಿ ಆಕಾರದ ಗೆರೆ. ಶುರುವಿನಲ್ಲಿ ತಯಾರಿಕೆ ದೋಷ ಇದ್ದವು ಬೇಗ ಕೆಡ್ತವೆ, ಆ ಖರ್ಚು ಕಂಪನಿ ವಾರಂಟಿಗೇ ಹೋಗುತ್ತೆ. ಆಮೇಲೆ ಸುಮಾರು ವರ್ಷ ಗೆರೆ ಕೆಳಗೇ ಮಲಗಿರುತ್ತೆ. ಕೊನೆಗೆ ಸವೆತ ಶುರುವಾಗಿ ಮತ್ತೆ ಏರುತ್ತೆ. ಎಕ್ಸ್‌ಟೆಂಡೆಡ್ ವಾರಂಟಿ ಬಹುತೇಕ ಕೂರೋದು ಆ ಮಲಗಿರೋ ಜಾಗದಲ್ಲಿ, ಏರೋಕೆ ಶುರುವಾಗೋ ಹೊತ್ತಿಗೆ ಅದೂ ಮುಗಿದಿರುತ್ತೆ. ಅವರಿಗೂ ಲೆಕ್ಕ ಗೊತ್ತು ನೋಡಿ.

ಗೆರೆ ಎಲ್ಲಾ ಕಾರಿಗೂ ಒಂದೇ ಥರ ಇರಲ್ಲ ಅನ್ನೋದೇ ಕಾಯೋದರ ಲಾಭ. ಮೂರು ವರ್ಷದಲ್ಲಿ ಆ ಮಾಡೆಲ್ ಓಡಿಸ್ತಾ ಇರೋ ಸಾವಿರಾರು ಜನ ಏನೇನು ಕೆಡುತ್ತೆ ಅಂತ ಹೇಳಿ ಆಗಿರುತ್ತೆ. ನಮ್ಮ ಕಾರು ಎಷ್ಟು ಸಲ ಗ್ಯಾರೇಜ್ ಕಂಡಿದೆ ಅಂತ ನಮಗೇ ಗೊತ್ತಿರುತ್ತೆ. ದೊಡ್ಡ ದೋಷ ಆಗಿದ್ರೆ ಕೆಲವು ಸಲ ಕಂಪನಿಗಳು ತಾವೇ ವಾರಂಟಿ ಉದ್ದ ಮಾಡಿದ್ದೂ ಇದೆ, ನಿಸಾನ್ ಅಮೆರಿಕದಲ್ಲಿ 2003ರಿಂದ 2010ರ ಮಾಡೆಲ್‌ಗಳ ಸಿವಿಟಿ ಅನ್ನೋ ಒಂಥರಾ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ 5 ವರ್ಷ, 60,000 ಮೈಲಿ ಇದ್ದಿದ್ದನ್ನ 10 ವರ್ಷ, 1,20,000 ಮೈಲಿಗೆ ಏರಿಸ್ತು, ಅದೂ ಬಿಟ್ಟಿಯಾಗಿ. ಮೊದಲ ದಿನವೇ ಸೈನ್ ಹಾಕೋನಿಗೆ ಇದ್ಯಾವುದೂ ಗೊತ್ತಿರಲ್ಲ, ಗೊತ್ತಿರೋದು ರಿಬ್ಬನ್ ಬಣ್ಣ ಮಾತ್ರ. ಸುರಕ್ಷತೆಗೆ ಸಂಬಂಧಪಟ್ಟ ರೀಕಾಲ್ ಬಂದ್ರೆ ಅದು ವಾರಂಟಿ ಇದ್ರೂ ಇಲ್ದಿದ್ರೂ ಕಂಪನಿಯೇ ಮಾಡ್ಕೊಡೋದು, ಅದನ್ನ ಕಾರಣವಾಗಿ ಹೇಳಿ ಯಾರಾದ್ರೂ ವಾರಂಟಿ ಮಾರೋಕೆ ಬಂದ್ರೆ ಎದ್ದು ಬನ್ನಿ.

ಯಾವ ಕಾರು ಅನ್ನೋದೂ ದೊಡ್ಡ ವಿಷ್ಯವೇ. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್, ಕೈಯಲ್ಲಿ ಹಾಕೋ ಗೇರು, ಮುಳ್ಳಿನ ಮೀಟರು ಅಂದ್ರೆ ನಾನು ಎರಡನೇ ಸಲ ಯೋಚ್ನೆ ಮಾಡಲ್ಲ, ಬೇಡ. ಅದರಲ್ಲಿ ಕೆಡೋ ಮುಕ್ಕಾಲು ಪಾಲು ಸಾಮಾನು ಹೇಗಿದ್ರೂ ಸವೆತದ ಪಟ್ಟಿಯಲ್ಲೇ ಇರುತ್ತೆ. ಟರ್ಬೊ, ಡ್ಯುಯಲ್ ಕ್ಲಚ್, ಡೀಸೆಲ್ಲಾದ್ರೆ ಹೈ ಪ್ರೆಶರ್ ಪಂಪು, ಇಂಜೆಕ್ಟರು, ಇವು ಒಂದೊಂದೂ ಒಂದೊಂದು ದೊಡ್ಡ ಬಿಲ್ಲು. ಈಗಿನ ಕಾರಲ್ಲಿ ಸ್ಕ್ರೀನ್ ಹೋದ್ರೆ ಬರೀ ಹಾಡು ನಿಲ್ಲಲ್ಲ, ಏಸಿ ಜಾಸ್ತಿ ಕಮ್ಮಿ ಮಾಡೋಕೂ ಆಗಲ್ಲ. ಎಲೆಕ್ಟ್ರಿಕ್ ಕಾರಿನೋರು ಒಂದು ನೋಡ್ಕೊಳ್ಳಿ, ದೊಡ್ಡ ಬ್ಯಾಟರಿಗೆ ಬಹಳಷ್ಟು ಕಂಪನಿಗಳು ಮೊದ್ಲೇ 8 ವರ್ಷ ಅಥವಾ 1,60,000 ಕಿಲೋಮೀಟರ್ ಆಸುಪಾಸಿನ ವಾರಂಟಿ ಬೇರೆಯಾಗಿ ಕೊಟ್ಟಿರ್ತವೆ. ಹಾಗಾಗಿ ಬ್ಯಾಟರಿ ಹೋದ್ರೆ ಅಂತ ಹೆದರಿಸಿದ್ರೆ ಹೆದರ್ಬೇಡಿ, ಒಳಗಿರೋ ಚಾರ್ಜರ್ ಕವರ್ ಆಗುತ್ತಾ ಅಂತ ವಾಪಸ್ ಕೇಳಿ.

ಮತ್ತೆ ಕಿಲೋಮೀಟರ್. 5 ವರ್ಷ ಅಥವಾ 1,00,000 ಕಿಲೋಮೀಟರ್, ಯಾವುದು ಮೊದಲೋ ಅದು ಅಂತ ಇರುತ್ತೆ. ವರ್ಷಕ್ಕೆ 25,000 ಓಡಿಸೋನಿಗೆ ಅದು ನಾಲ್ಕು ವರ್ಷದ ವಾರಂಟಿ, ದುಡ್ಡು ಮಾತ್ರ ಐದಕ್ಕೆ. ವರ್ಷಕ್ಕೆ 7,000 ಓಡಿಸೋನಿಗೆ ಐದು ವರ್ಷ ಪೂರ್ತಿ ಸಿಗುತ್ತೆ, ಆದ್ರೆ 35,000 ಕಿಲೋಮೀಟರಿಗೆ ಏನು ಕೆಡುತ್ತೆ? ವಿಚಿತ್ರ ಅಂದ್ರೆ ಹೆಚ್ಚು ಓಡಿಸೋನಿಗೆ ಬೇಕು, ಅವನಿಗೆ ಬೇಗ ಮುಗಿಯುತ್ತೆ, ಕಮ್ಮಿ ಓಡಿಸೋನಿಗೆ ಬೇಡ, ಅವನ ಹತ್ರ ಬೇಕಾದಷ್ಟು ಉಳಿದಿರುತ್ತೆ. ನಾಲ್ಕನೇ ವರ್ಷಕ್ಕೇ ಕಾರು ಮಾರೋ ಅಭ್ಯಾಸ ಇರೋರು ಈ ಬರಹಾನ ಇಲ್ಲಿಗೇ ನಿಲ್ಲಿಸ್ಬೋದು. ವಾರಂಟಿ ಮುಂದಿನ ಮಾಲೀಕನ ಹೆಸರಿಗೆ ವರ್ಗ ಆಗುತ್ತಾ ಅಂತ ಮಾತ್ರ ಕೇಳ್ಕೊಳ್ಳಿ, ಆಗುತ್ತೆ ಅಂದ್ರೆ ಮಾರುವಾಗ ಒಂದೆರಡು ಮಾತು ಜಾಸ್ತಿ ಆಡೋಕೆ ಆಗುತ್ತೆ.

ಇಷ್ಟೆಲ್ಲ ಆದ್ಮೇಲೆ ಮೂರನೇ ಕಾರಿನ ಮುಂದೆ ಕೂತಿದೀನಿ. ಟರ್ಬೊ ಪೆಟ್ರೋಲ್, ಮತ್ತೆ ಡ್ಯುಯಲ್ ಕ್ಲಚ್ಚೇ, ಯಾಕೆ ಅಂತ ಕೇಳ್ಬೇಡಿ, ಮೊಣಕಾಲು ನೋವು. ಇನ್ನು ನಾಲ್ಕೈದು ವರ್ಷ ಇಟ್ಕೊಳ್ಳೋ ಆಲೋಚನೆ ಇದೆ. ಆರು ಪಾಲಿನ ಬಿಲ್ ಬಂದ್ರೆ ಈಗ್ಲೂ ಅಣ್ಣನ ಮನೆ ಬಾಗಿಲಿಗೇ ಹೋಗ್ಬೇಕು, ಅವನು ಈಗ ರಿಟೈರ್ ಆಗಿದಾನೆ.

ಮೆಸೇಜಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಬೆಲೆ ಕೇಳೋಕೆ ಮುಂಚೆ ಕಾಂಟ್ರಾಕ್ಟ್ ಪೂರ್ತಿ ಕಳ್ಸಿ ಅಂದೆ. ಪಾಂಪ್ಲೆಟ್ ಕಳ್ಸಿದ್ರು. ಪಾಂಪ್ಲೆಟ್ ಅಲ್ಲ, ನಾನು ಸೈನ್ ಹಾಕೋ ಕಾಗದ ಕಳ್ಸಿ ಅಂದೆ. ಅದು ದುಡ್ಡು ಕಟ್ಟಿದ ಮೇಲೆ ಬರುತ್ತೆ ಸರ್ ಅಂದ್ರು. ಹಾಗಾದ್ರೆ ದುಡ್ಡೂ ಕಾಗದ ಬಂದ ಮೇಲೆ ಬರುತ್ತೆ ಅಂದೆ. ಮೂರನೇ ದಿನಕ್ಕೆ ಬಂತು, ಇಪ್ಪತ್ತೆರಡು ಪುಟ. ಕವರ್ ಇಲ್ಲದ್ದರ ಪಟ್ಟಿ ಇರೋ ಜಾತಿದು, ಒಳ್ಳೇದು. ಹಿಂದೆ ನಿಂತಿರೋದು ಕಾರು ಮಾಡಿದ ಕಂಪನಿಯೇ, ಮಧ್ಯದವರಲ್ಲ, ಅದೂ ಒಳ್ಳೇದು, ಯಾಕಂದ್ರೆ ಮೂರನೆಯವರ ವಾರಂಟಿ ಅಂದ್ರೆ ಆ ಕಂಪನಿ ಬಾಗಿಲು ಹಾಕಿದ್ರೆ ನಮ್ಮ ಕೈಯಲ್ಲಿ ಉಳಿಯೋದು ಕಾಗದ. ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್ ಒಳಗಿದೆಯಾ ಅಂತ ಮೇಲ್ ಮಾಡಿ ಕೇಳಿದೆ. ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್ ಆಗಿದ್ರೆ ಆಗುತ್ತೆ ಸರ್, ಇನ್‌ಸ್ಪೆಕ್ಷನ್ ಮೇಲೆ ಡಿಪೆಂಡ್ ಆಗುತ್ತೆ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ರು. ಇನ್ನೊಂದು ಸಲ ಕೇಳಿದೆ, ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೀರಿ ಅಂತ. ನಿನ್ನೆ ಸಾಯಂಕಾಲ ಹೌದು ಅಂತ ಬಂತು. ಆ ಮೇಲ್‌ನ ಪ್ರಿಂಟ್ ತೆಗೆದು ಇಟ್ಕೊಂಡಿದೀನಿ.

ಅಣ್ಣನಿಗೆ ಹೇಳಿದೆ, ತಗೊಳ್ತೀನಿ ಅಂತ. ತೊಂಬತ್ತರಲ್ಲಿ ಒಬ್ಬ ಆಗ್ತೀಯ ನೋಡು ಅಂದ. ಆಗ್ಲಿ ಅಂದೆ, ಆ ತೊಂಬತ್ತು ಜನ ಒಂದೇ ಒಂದು ಪಾಲು ಕಳ್ಕೊಂಡು ಐದು ವರ್ಷ ಕಾರಲ್ಲಿ ಓಡಾಡಿದಾರೆ, ಅವರ ಕಾರು ಕೆಟ್ಟೇ ಇಲ್ಲ ಕಣೋ, ನಂಗೆ ಅವರಲ್ಲಿ ಒಬ್ಬ ಆಗೋದೇ ಇಷ್ಟ. ಅವನು ಹ್ಞೂಂ ಅಂದ, ಆಮೇಲೆ ಕೇಳಿದ, ಸರ್ವಿಸ್ ಬಿಲ್‌ಗಳೆಲ್ಲ ಇದಾವೇನೋ?

ಇದಾವೆ ಅಂದೆ. ಫೋನಿಟ್ಟು ಹೋಗಿ ಕಾರಿನ ಗ್ಲವ್ ಬಾಕ್ಸ್ ತೆಗೆದೆ. ಟಿಶ್ಯೂ, ಎರಡು ಪೆನ್ನು, ಒಂದು ಬರೀ ಖಾಲಿ ಕನ್ನಡಕದ ಡಬ್ಬಿ, ಅದರ ಕೆಳಗೆ ಬಿಲ್‌ಗಳು. ಊಟದ ಟೇಬಲ್ ಮೇಲೆ ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲನೇದು ಇದೆ, ಮೂರನೇದು ಇದೆ, ನಾಲ್ಕನೇದು ಇದೆ. ಎರಡನೇದು ಇಲ್ಲ. ಈ ಸಲ ಸರ್ವಿಸ್ ಸೆಂಟರಲ್ಲೇ ಮಾಡ್ಸಿರೋದು, ಟೈಮಿಗೆ ಸರಿಯಾಗೇ ಮಾಡ್ಸಿರೋದು, ಅವರ ಸಿಸ್ಟಮ್‌ನಲ್ಲಿ ಇದ್ದೇ ಇರುತ್ತೆ. ಆದ್ರೂ ಮೊದಲನೇ ಕಾರಲ್ಲಿ ತಿಂದ ಏಟು ಮರೆತಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೀತಾರೆ, ಹೋಗಿ ಡೂಪ್ಲಿಕೇಟ್ ಕಾಪಿ ತಗೊಂಡು, ಅದಕ್ಕೊಂದು ಸೀಲ್ ಹಾಕಿಸ್ಕೊಂಡು ಬಂದ ಮೇಲೇನೇ ಆ ಲಿಂಕ್ ಒತ್ತೋದು.